ಅಂಗೈಯಲ್ಲಿ ಹಿಡಿದ ಮೆದುಳು

ಕೇಳುಗರಿಗೆ ನಮಸ್ಕಾರ.

ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನದೇ ಒಂದು ಮ್ಯೂಸಿಯಂ ಇದೆ. ಅಲ್ಲಿ ಮನುಷ್ಯರ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಾನೂ ಗ್ಲೌಸ್ ಹಾಕಿಕೊಂಡು ಹಿಡಿದೆ. ಒಂದು ಕಾಲಕ್ಕೆ ಇದಕ್ಕೂ ಕಾಫಿ ಕುಡಿಯುವ ಆಸೆ ಆಗಿತ್ತು, ಯಾರ ಮೇಲೋ ಸಿಟ್ಟು ಬಂದಿತ್ತು. ಈಗ ಹೂಕೋಸಿನ ಹಾಗೆ ತಣ್ಣಗೆ ಸುಮ್ನೆ ಕೂತಿದೆ.

ಆ ಆಸೆ, ಆ ಸಿಟ್ಟು ಇದರೊಳಗೆ ಎಲ್ಲಿತ್ತು?

ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅಷ್ಟೊಂದು ಸೇರಿದ್ದಕ್ಕೇ ಅರಿವು ಬಂತು ಅನ್ನೋಣವೆಂದರೆ ಅದೂ ಆಗುವುದಿಲ್ಲ. ಅವುಗಳಲ್ಲಿ 6,900 ಕೋಟಿಯಷ್ಟು ಇರುವುದು ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ. ಹುಟ್ಟಿನಿಂದಲೇ ಕಿರುಮೆದುಳು ಇಲ್ಲದವರೂ ಇದ್ದಾರೆ. ಅವರು ನಡೆಯುವಾಗ ತೂರಾಡುತ್ತಾರೆ, ಮಾತು ತೊದಲುತ್ತದೆ. ಆದರೆ ಅವರಿಗೂ ನೋವು ನೋವೇ, ಸಿಹಿ ಸಿಹಿಯೇ.

ಇದಕ್ಕೆ ಕಾರಣ ಕಿರುಮೆದುಳಿನ ಜೋಡಣೆ ಅಂತ ಹಲವು ವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಸುದ್ದಿ ಬಹುಪಾಲು ಒಂದೇ ದಿಕ್ಕಿಗೆ ಹೋಗುತ್ತದೆ. ಈಗ ನಾನು ಮಾತಾಡುತ್ತಿದ್ದೇನಲ್ಲ, ಹಾಗೆ. ನೀವು ತಿರುಗಿ ಏನು ಹೇಳಿದರೂ ನನಗೆ ಕೇಳುವುದಿಲ್ಲ. ಮೆದುಳಿನ ಮೇಲ್ಪದರ ಹಾಗಲ್ಲ. ಅದು ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿದವರ ಕಲ್ಲುಬೆಂಚಿನ ಹರಟೆ. ಒಬ್ಬರು ಅಂದದ್ದಕ್ಕೆ ಇನ್ನೊಬ್ಬರ ಉತ್ತರ, ಅದಕ್ಕೆ ಮತ್ತೊಬ್ಬರ ತಕರಾರು.

ಹೋದ ವರ್ಷ ನನಗೊಂದು ಆಪರೇಷನ್ ಆಯಿತು. ಅರಿವಳಿಕೆ ಕೊಡುತ್ತಿದ್ದ ಡಾಕ್ಟರು "ಯಾವೂರು ನಿಮ್ಮದು?" ಅಂದರು. "ತಿಪ..." ಅಂದೆ. ತಿಪಟೂರು ಪೂರ್ತಿಯಾಗಲೇ ಇಲ್ಲ. ಮರುಕ್ಷಣ ನರ್ಸಮ್ಮ ಎಬ್ಬಿಸುತ್ತಿದ್ದಾರೆ, ಮೂರು ಗಂಟೆ ಕಳೆದಿದೆ! ನಿದ್ದೆಯಾದರೆ ಹೊತ್ತು ಹೋದದ್ದು ಅಷ್ಟಿಷ್ಟು ಗೊತ್ತಾಗುತ್ತದೆ, ಅಲ್ವಾ? ಇಲ್ಲಿ ಅದೂ ಇಲ್ಲ. ಹಾಗಂತ ಮೆದುಳೇನೂ ಪೂರ್ತಿ ನಿಂತಿರಲಿಲ್ಲ. ಅರಿವಳಿಕೆಯಲ್ಲಿ ಕಡಿದು ಹೋಗುವುದು ಅದರ ಭಾಗಗಳ ನಡುವಿನ ಆ ಹರಟೆ.

ಸರಿ. ಆದರೆ ಹರಟೆಯಿಂದ ಕಾಫಿಯ ಕಹಿ ಯಾಕೆ ಹುಟ್ಟಬೇಕು? ತತ್ವಜ್ಞಾನಿ ಡೇವಿಡ್ ಚಾಮರ್ಸ್ ಇದನ್ನೇ 'ಕಠಿಣ ಸಮಸ್ಯೆ' ಅಂದದ್ದು. ವಿಜ್ಞಾನಿ ಕ್ರಿಸ್ಟೋಫ್ ಕಾಕ್ ಅಷ್ಟು ದೂರ ಹೋಗಲಿಲ್ಲ. ಅರಿವಿನ ಗುರುತು ಮೆದುಳಿನಲ್ಲಿ ಎಲ್ಲಿದೆ ಅನ್ನುವುದಾದರೂ 25 ವರ್ಷದೊಳಗೆ ಖಚಿತವಾಗಿ ಸಿಗುತ್ತದೆ ಅಂತ 1998ರಲ್ಲಿ ಚಾಮರ್ಸ್ ಜೊತೆ ಬಾಜಿ ಕಟ್ಟಿದರು. 2023ರಲ್ಲಿ ಸೋಲೊಪ್ಪಿಕೊಂಡು, ನ್ಯೂಯಾರ್ಕಿನ ವೇದಿಕೆಯ ಮೇಲೇ ವೈನ್ ಬಾಟಲಿಗಳನ್ನು ಕೊಟ್ಟರು. ಕೊಟ್ಟು, ಇನ್ನೊಂದು 25 ವರ್ಷಕ್ಕೆ ಮತ್ತೆ ಬಾಜಿಗೆ ರೆಡಿ ಅಂದರು.