ಸ್ಟಾರ್ಟ್ ಆಗಿ ಕೂಡಲೇ ಬಂದ್ ಆಗುವ ಕಾರು

ಕೇಳುಗರಿಗೆ ನಮಸ್ಕಾರ. ನಮ್ಮ ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಕೆಲವು ಮನೆಗಳ ಶೆಡ್ಡಿನಲ್ಲಿ ಚಂದದ ಸ್ಪೋರ್ಟ್ಸ್ ಕಾರುಗಳು ಟಾರ್ಪಾಲು ಹೊದ್ದು ನಿಂತಿವೆ. ಯಜಮಾನರು ಗಲ್ಫಿನಲ್ಲಿ. ರಜೆಗೆ ಬಂದವರೇ ಕೀ ತಿರುಗಿಸುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಎರಡು ಸೆಕೆಂಡಿನಲ್ಲಿ ಬಂದ್. ಮತ್ತೆ ಸೆಲ್ಫ್, ಮತ್ತೆ ಬಂದ್. ನಿಮಗೆ ನನ್ನದು ಒಂದೇ ಮಾತು: ಸೆಲ್ಫ್ ಹೊಡೆಯುವುದು ನಿಲ್ಲಿಸಿ, ಮೊದಲು ಟ್ಯಾಂಕಿನ ಪೆಟ್ರೋಲ್ ನೋಡಿ.

ಸ್ಟಾರ್ಟ್ ಆಯಿತು ಅಂದರೆ ಬ್ಯಾಟರಿ ಇದೆ, ಪ್ಲಗ್ಗಿನಲ್ಲಿ ಕಿಡಿಯೂ ಇದೆ. ನಿಂತುಹೋಯಿತು ಅಂದರೆ ಹೆಚ್ಚಾಗಿ ಹೊಟ್ಟೆಗೆ ಸರಿಯಾದ್ದು ಸಿಗಲಿಲ್ಲ ಅಂತಲೇ.

ಕಳೆದ ವರ್ಷ ಒಬ್ಬರ ಮನೆಗೆ ಹೋಗಿದ್ದೆ. ಎರಡು ಸೀಟಿನ ಜರ್ಮನ್ ಕಾರು, ಕೆಂಪು ಬಣ್ಣ, ಮೈಮೇಲೆ ಒಂದು ಗೀರಿಲ್ಲ. ಎರಡು ಮಳೆಗಾಲ ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲೇ ನಿಂತಿತ್ತು. ನಾನು ಹೋಗುವಷ್ಟರಲ್ಲಿ ಮಗ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿದ್ದ. ಭಾವ ಮೊಬೈಲಿನಲ್ಲಿ ವಿಡಿಯೋ ನೋಡಿ, "ಪಂಪ್ ಹೋಗಿದೆ ಮಾರಾಯ್ರೇ, ಹೊಸದು ತರಿಸಬೇಕು" ಅಂತ ತೀರ್ಪು ಕೊಟ್ಟಾಗಿತ್ತು. ಅದರ ಬೆಲೆ ಕೇಳಿ ಯಜಮಾನರ ಮುಖ ಬಾಡಿತ್ತು. "ಸ್ವಲ್ಪ ಸುಮ್ನೆ ಕೂತುಕೊಳ್ಳಿ" ಅಂದೆ. ಪಂಪಿನ ಲೈನ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ಜಗಲಿಯಾಚೆ ನೆರಳಿನಲ್ಲಿಟ್ಟೆ. ಚಾ ಬಂತು, ಅವಲಕ್ಕಿ ಬಂತು. ಎದ್ದು ನೋಡಿದರೆ ಬಾಟಲಿಯಲ್ಲಿ ಎರಡು ಪದರ! ಮೇಲೆ ಪೆಟ್ರೋಲ್, ಕೆಳಗೆ ನೀರು ಕುಡಿದ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್. ಭಾವ ಮತ್ತೆ ಮಾತಾಡಲಿಲ್ಲ.

ಈಗ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು, ಅಲ್ವಾ? ಅರ್ಧ ಖಾಲಿ ಟ್ಯಾಂಕಿನೊಳಗೂ ತೇವದ ಗಾಳಿ ಸೇರುತ್ತದೆ. ನೀರು ಜಾಸ್ತಿಯಾದಾಗ ಅದೂ ಎಥನಾಲೂ ಜೊತೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಆ ಕಾರಿಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿದೆವು. ಹಳೇ ಪಂಪಿನಲ್ಲೇ ಓಡಿತು, ಈಗಲೂ ಓಡುತ್ತಿದೆ.

ಸೆಲ್ಫ್ ಹೊಡೆಯಬೇಡಿ ಅಂತ ಸುಮ್ನೆ ಹೇಳುತ್ತಿಲ್ಲ. ಉರಿಯದ ಪೆಟ್ರೋಲ್ ಪ್ಲಗ್ಗನ್ನು ಒದ್ದೆ ಮಾಡುತ್ತದೆ, ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿನ ಎಂಜಿನ್ ಆಯಿಲಿಗೆ ಸೇರುತ್ತದೆ. ಸಣ್ಣ ಕೆಲಸ ದೊಡ್ಡದಾಗುವುದು ಹೀಗೆ.

ಸಮಯ ಆಯಿತು ಅಂತ ಸ್ಟುಡಿಯೋದ ಗಾಜಿನಾಚೆ ಕೈಸನ್ನೆ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಪೆಟ್ರೋಲ್ ಸರಿ ಇದ್ದೂ ಪ್ರತಿ ಸಲ ಅದೇ ಎರಡು ಸೆಕೆಂಡಿಗೆ ನಿಂತರೆ ಮೀಟರಿನಲ್ಲಿ ಕೀ ಅಥವಾ ಬೀಗದ ಗುರುತು ಮಿನುಗುತ್ತದೆಯೇ ನೋಡಿ. ಮಿನುಗಿದರೆ ಕೀಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಅನ್ನು ಗಾಡಿ ಗುರುತಿಸುತ್ತಿಲ್ಲ ಅಂತ. ಎರಡನೇ ಕೀ ಹಾಕಿ ನೋಡಿ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಓಡಿ, ಬಿಟ್ಟರೆ ನಿಲ್ಲುತ್ತದೆಯೇ? ಥ್ರಾಟಲಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನಲ್ಲಿ, ಮಸಿ ಕಟ್ಟಿರಬಹುದು, ಇಲ್ಲವೇ ಗಾಳಿಯ ಪೈಪನ್ನು ಇಲಿ ಕಚ್ಚಿರಬಹುದು. ಅಡಿಕೆ ರಾಶಿ ಹಾಕುವ ಶೆಡ್ಡಾದರೆ ಇಲಿಯೇ ಅಂದುಕೊಳ್ಳಿ. ಏರ್ ಫಿಲ್ಟರಿನ ಡಬ್ಬಿಯನ್ನೂ ತೆರೆದು ನೋಡಿ, ಒಳಗೆ ಗೂಡು ಕಟ್ಟಿರುತ್ತವೆ. ಆದರೆ ಇದೆಲ್ಲ ಆಮೇಲೆ. ಮೊದಲು ಪೆಟ್ರೋಲ್!

ಪೆಟ್ರೋಲ್ ತೆಗೆಯುವ ಕೆಲಸ ಬಯಲಿನಲ್ಲಿ ಆಗಲಿ, ಬ್ಯಾಟರಿ ವಯರ್ ಬಿಚ್ಚಿಟ್ಟು, ತಿಳಿದ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಹತ್ತಿರ ಬೀಡಿ ಬೇಡ. ತೆಗೆದದ್ದನ್ನು ತೋಡಿಗೆ ಚೆಲ್ಲಬೇಡಿ. ಹುಲ್ಲು ಕೊಚ್ಚುವ ಮಿಷನಿಗೆ ಹಾಕೋಣ ಅಂತಲೂ ಯೋಚಿಸಬೇಡಿ, ಆಮೇಲೆ ಅದನ್ನೂ ನನ್ನ ಹತ್ತಿರವೇ ತರುತ್ತೀರಿ. ನಮಸ್ಕಾರ.