ಪಿತ್ತ ಎಂದವರೂ ಎಡಿಎಚ್‌ಡಿ ಎಂದವರೂ

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ ‘ಮೊಬೈಲ್ ನೋಡಿ ತಮಗೆ ತಾವೇ ಮಾನಸಿಕ ಕಾಯಿಲೆ ಹಚ್ಚಿಕೊಳ್ಳುವ ಯುವಜನ’. ಮುಂದಿನ ಸಾಲಿನ ಕಾಲೇಜು ಮಕ್ಕಳಿಗೆ ನಾನು ನಾಲ್ಕು ಮಾತು ಬಯ್ಯಬೇಕು, ಹಿಂದೆ ಕೂತ ಅಪ್ಪ-ಅಮ್ಮಂದಿರು ತಲೆದೂಗಬೇಕು ಎಂಬ ಅಂದಾಜು ಇದ್ದಂತಿದೆ. ಶಿರಸಿಯಲ್ಲಿ ಇಷ್ಟು ವರ್ಷ ಜನರಲ್ ಪ್ರಾಕ್ಟೀಸ್ ಮಾಡಿದ ಮೇಲೆ ಹಾಗೆ ಬಯ್ಯಲು ನನಗೆ ಬಾಯಿ ಬರುವುದಿಲ್ಲ. ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಳ್ಳುವುದನ್ನು ಈ ಮಕ್ಕಳು ಶುರು ಮಾಡಿದ್ದಲ್ಲ. ನಮ್ಮ ಮನೆಗಳಲ್ಲಿ ಅದು ಮೊದಲಿನಿಂದಲೂ ಇದೆ.

ಐವತ್ತು ದಾಟಿದವರು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತಾರೆ: ‘ಪಿತ್ತ ಜಾಸ್ತಿ ಆಜು ಡಾಕ್ಟ್ರೇ.’ ಇಲ್ಲವಾದರೆ ಗ್ಯಾಸು. ಅದೂ ಅಲ್ಲವಾದರೆ ನರದ ವೀಕ್ನೆಸ್. ಹಲವರ ಕಥೆಯನ್ನು ಸೇರಿಸಿ, ಗುರುತು ಸಿಗದ ಹಾಗೆ ಒಂದನ್ನು ಹೇಳುತ್ತೇನೆ. ತೋಟದ ಮನೆಯ ಒಬ್ಬ ಅಮ್ಮ. ಎದೆ ಉರಿ, ಹೊಟ್ಟೆಯಲ್ಲಿ ಸಂಕಟ, ಊಟ ಸೇರುವುದಿಲ್ಲ. ಕಷಾಯ ಆಯಿತು, ಗ್ಯಾಸಿನ ಮಾತ್ರೆ ಆಯಿತು, ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿಯೂ ಆಯಿತು. ರಿಪೋರ್ಟ್ ನಾರ್ಮಲ್. ರಿಪೋರ್ಟ್ ಚೆನ್ನಾಗಿದೆ ಎಂದು ಮನೆಯವರಿಗೆ ಖುಷಿ, ಆಕೆಗೆ ಮಾತ್ರ ಇನ್ನಷ್ಟು ಅಂಜಿಕೆ. ನಿದ್ದೆ ಹೇಗಿದೆ ಎಂದು ಕೇಳಿದರೆ, ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ಕಣ್ಣು ಹತ್ತುವುದಿಲ್ಲ. ಬೆಳಗ್ಗೆ ಎದ್ದಾಗ ಎಲ್ಲಕ್ಕಿಂತ ಕಷ್ಟ, ಸಂಜೆಯ ಹೊತ್ತಿಗೆ ಸ್ವಲ್ಪ ಹಗುರ. ಮಗಳು ಬೆಂಗಳೂರಿನಿಂದ ಬಂದರೂ ಖುಷಿಯಿಲ್ಲ, ಮನೆ ಎದುರು ತಾಳಮದ್ದಳೆ ಆದರೂ ಹೋಗಿ ಕೂರುವ ಮನಸ್ಸಿಲ್ಲ. ‘ಯಂಗೆ ಎಂತದೂ ಬ್ಯಾಡ ಅನ್ನಿಸ್ತು.’ ಇದು ಖಿನ್ನತೆ. ಪುಸ್ತಕದಲ್ಲಿರುವ ಹಾಗೇ ಇರುವ ಖಿನ್ನತೆ. ಪಿತ್ತ ಎಂಬ ಹೆಸರು ಅದನ್ನು ಎರಡು ವರ್ಷ ಮುಚ್ಚಿಟ್ಟಿತ್ತು.

ಈಗ ಅದೇ ಮನೆಯ ಮೊಮ್ಮಗನನ್ನು ನೋಡಿ. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ: ‘ಈ ಐದು ಲಕ್ಷಣ ಇದ್ದರೆ ನಿಮಗೆ ಎಡಿಎಚ್‌ಡಿ.’ ಗಮನ ನಿಲ್ಲದ, ಚಡಪಡಿಕೆಯ ಕಾಯಿಲೆ ಅದು. ಓದುವಾಗ ಗಮನ ನಿಲ್ಲುವುದಿಲ್ಲ, ವಸ್ತು ಕಳೆದುಕೊಳ್ಳುತ್ತೇನೆ, ಶುರು ಮಾಡಿದ್ದನ್ನು ಮುಗಿಸುವುದಿಲ್ಲ. ಹೌದಲ್ಲ, ಇದು ನನ್ನದೇ ಕಥೆ ಎನ್ನಿಸುತ್ತದೆ. ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಈ ಸಭೆಯಲ್ಲಿ ಯಾರಿಗೆ ಹಾಗೆ ಅನ್ನಿಸಲಿಕ್ಕಿಲ್ಲ ಹೇಳಿ? ಆದರೆ ಆ ಹುಡುಗನೂ ಸುಳ್ಳು ಹೇಳುತ್ತಿಲ್ಲ. ಏನೋ ಸರಿಯಿಲ್ಲ ಎಂದು ಅವನು ಕಂಡುಕೊಂಡದ್ದು ನಿಜ. ಅಜ್ಜಿ ಕಂಡುಕೊಂಡದ್ದೂ ನಿಜ. ಇಬ್ಬರೂ ಎಡವಿದ್ದು ಹೆಸರಿನಲ್ಲಿ. ನಾನು ಇವತ್ತು ಹೇಳಬೇಕಾದ್ದು ಇಷ್ಟೇ: ಡಾಕ್ಟರ ಹತ್ತಿರ ಬರುವಾಗ ಏನಾಗುತ್ತಿದೆ ಎಂಬುದನ್ನು ಪೂರ್ತಿ ತನ್ನಿ, ಹೆಸರನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ.

ಯಾಕೆ ಎಂಬುದು ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಮರದ ಹೆಡೆ ಹಳದಿಯಾಯಿತು ಎಂದರೆ ಹಳದಿ ರೋಗವೇ ಇರಬಹುದು. ಬುಡದಲ್ಲಿ ನೀರು ನಿಂತಿರಬಹುದು, ಬೇರುಹುಳ ಬೇರು ತಿಂದಿರಬಹುದು, ಮಣ್ಣಿನಲ್ಲಿ ಪೋಷಕಾಂಶ ಕಡಿಮೆ ಇರಬಹುದು. ಮೇಲೆ ಕಾಣುವ ಬಣ್ಣ ಒಂದೇ, ಕೆಳಗಿನ ಕಾರಣ ನಾಲ್ಕು. ಬೇರುಹುಳ ಇದ್ದಲ್ಲಿ ಗೊಬ್ಬರ ಸುರಿದರೆ ದುಡ್ಡೂ ಹೋಯಿತು, ಮರವೂ ಹೋಯಿತು. ಬುಡ ಅಗೆದು ನೋಡಬೇಕು.

ಮನಸ್ಸಿನ ವಿಷಯದಲ್ಲಿ ಬುಡ ಅಗೆಯುವುದು ಎಂದರೇನು? ಎಡಿಎಚ್‌ಡಿಯನ್ನೇ ತೆಗೆದುಕೊಳ್ಳಿ. ಅದು ಹದಿನೆಂಟಕ್ಕೆ ದಿಢೀರನೆ ಶುರುವಾಗುವ ಕಾಯಿಲೆ ಅಲ್ಲ. 12 ವರ್ಷಕ್ಕೆ ಮೊದಲೇ ಅದರ ಲಕ್ಷಣಗಳು ಇದ್ದಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಂಡಿರಬೇಕು, ಬದುಕಿಗೆ ತೊಂದರೆ ಕೊಟ್ಟಿರಬೇಕು. ಹಾಗಾಗಿ ವೈದ್ಯರು ಹುಡುಗನನ್ನು ಮಾತ್ರ ಕೇಳುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಇವನು ಹೇಗಿದ್ದ ಎಂದು ತಾಯಿಯನ್ನು ಕೇಳುತ್ತಾರೆ, ಸಿಕ್ಕರೆ ಹಳೆಯ ಅಂಕಪಟ್ಟಿ ನೋಡುತ್ತಾರೆ. ಅಲ್ಲೆಲ್ಲ ಏನೂ ಇಲ್ಲದೆ, ಈಗ ಒಂದು ವರ್ಷದಿಂದ ಮಾತ್ರ ಗಮನ ನಿಲ್ಲುತ್ತಿಲ್ಲ ಎಂದಾದರೆ ಹುಡುಕಬೇಕಾದ್ದು ಬೇರೆ: ಆತಂಕ ಇದೆಯೇ, ಖಿನ್ನತೆ ಇದೆಯೇ, ಹಾಸ್ಟೆಲಿನಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ, ರಾತ್ರಿ ಎರಡರವರೆಗೆ ಫೋನು ಹಿಡಿದು ನಿದ್ದೆಗೆಟ್ಟಿದ್ದಾನೆಯೇ.

ಇನ್ನೊಂದು, ದೇಹ. ಥೈರಾಯ್ಡ್ ಕಡಿಮೆಯಾದರೆ ಮಂಕು, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ. ಅದೇ ಥೈರಾಯ್ಡ್ ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಗಾಬರಿ. ಮೊದಲನೆಯದು ಖಿನ್ನತೆಯ ಹಾಗೆ, ಎರಡನೆಯದು ಪ್ಯಾನಿಕ್ ಹಾಗೆ ಕಾಣುತ್ತದೆ. ರಕ್ತಹೀನತೆಯೂ ಹಾಗೇ. ನಮ್ಮ ಕಡೆ ಶುದ್ಧ ಸಸ್ಯಾಹಾರದ ಮನೆಗಳು ಬಹಳ, ಬಿ12 ಹೆಚ್ಚಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಹಾಲು-ಮಜ್ಜಿಗೆಯೂ ಕಡಿಮೆಯಾದ ವಯಸ್ಸಾದವರಲ್ಲಿ ಬಿ12 ಕೊರತೆಯಿಂದ ಮರೆವು, ಸಿಡಿಮಿಡಿ, ಕಾಲಲ್ಲಿ ಜೋಮು ಎಲ್ಲ ಒಟ್ಟಿಗೆ ಬರಬಹುದು. ಇದನ್ನು ಯಾವ ರೀಲ್ಸೂ ಹಿಡಿಯಲಾರದು, ಒಂದು ರಕ್ತಪರೀಕ್ಷೆ ಹಿಡಿಯುತ್ತದೆ. ಮನೋವೈದ್ಯರು ರಕ್ತ ತೆಗೆಸಲು ಹೇಳಿದರೆ ‘ತಲೆಬಿಸಿಗೆ ರಕ್ತ ಎಂತಕ್ಕೆ’ ಎಂದು ಗೊಣಗಬೇಡಿ.

ನನಗೆ ಎಲ್ಲಕ್ಕಿಂತ ಹೆದರಿಕೆ ಇರುವುದು ಬೈಪೋಲಾರ್ ವಿಷಯದಲ್ಲಿ. ಈ ಕಾಯಿಲೆಯಲ್ಲಿ ಕೆಲವು ಕಾಲ ಮನಸ್ಸು ಕುಸಿಯುತ್ತದೆ, ಕೆಲವು ಕಾಲ ವಿಪರೀತ ಏರುತ್ತದೆ. ಏರಿದಾಗ ಮನುಷ್ಯನಿಗೆ ಕಾಯಿಲೆ ಎಂದೇ ಅನ್ನಿಸುವುದಿಲ್ಲ. ನಿದ್ದೆ ಮೂರು ತಾಸು ಸಾಕು, ಮಾತು ನಿಲ್ಲುವುದಿಲ್ಲ, ಸಾಲ ಮಾಡಿ ಜೀಪು ಕೊಳ್ಳುತ್ತಾನೆ, ‘ನಾನು ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ’ ಎನ್ನುತ್ತಾನೆ. ಕುಸಿದಾಗ ಮಾತ್ರ ತೊಂದರೆ ಗೊತ್ತಾಗುತ್ತದೆ. ಆಗ ಹುಡುಕಿ, ‘ನನಗೆ ಡಿಪ್ರೆಶನ್’ ಎಂದು ತೀರ್ಮಾನಿಸುತ್ತಾನೆ. ಲಕ್ಷಣಗಳೆಲ್ಲ ಸರಿಯಾಗೇ ಹೊಂದುತ್ತವೆ! ಯಾರದೋ ಖಿನ್ನತೆಯ ಮಾತ್ರೆ ತಂದು ನುಂಗಿದರೆ ಕೆಲವರಲ್ಲಿ ಮನಸ್ಸು ಮತ್ತೆ ಆ ವಿಪರೀತಕ್ಕೆ ಹಾರಿಬಿಡುತ್ತದೆ. ಏರಿದ ದಿನಗಳ ಕಥೆ ಹೇಳಬಲ್ಲವರು ಹೆಂಡತಿ, ಅಣ್ಣ, ಪಕ್ಕದ ಮನೆಯವರು. ತನ್ನನ್ನು ತಾನೇ ನೋಡಿಕೊಂಡು ಹೆಸರಿಡುವುದರಲ್ಲಿ ಇರುವ ಮಿತಿ ಇದು. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ. ಡಾಕ್ಟರಿಗೇ ಬಂದರೂ ಡಾಕ್ಟರ್ ಇನ್ನೊಬ್ಬರ ಹತ್ತಿರ ಹೋಗಬೇಕು.

ಓಸಿಡಿಯ, ಅಂದರೆ ಬೇಡದ ಸಂಶಯ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆಯ, ಮಾತು ಬಂದರೆ ನಮ್ಮ ಊರಿನದೇ ಒಂದು ತೊಡಕು ಇದೆ. ಪುಸ್ತಕ ಸಾಲಾಗಿ ಜೋಡಿಸುವ ಹುಡುಗಿ ‘ನಂಗೆ ಸ್ವಲ್ಪ ಓಸಿಡಿ’ ಎಂದು ನಗುತ್ತಾಳೆ. ಅದು ಓಸಿಡಿ ಅಲ್ಲ, ಅಚ್ಚುಕಟ್ಟು. ಅದೇ ಓಣಿಯಲ್ಲಿ ಇನ್ನೊಬ್ಬರು ದಿನಕ್ಕೆ ನಾಲ್ಕು ಸಲ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ, ಕೈ ತೊಳೆದು ತೊಳೆದು ಚರ್ಮ ಒಡೆದಿದೆ, ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅಡುಗೆ ಮಧ್ಯಾಹ್ನ ಮೂರಕ್ಕೂ ಮುಗಿಯುವುದಿಲ್ಲ. ಮನೆಯವರು ‘ಅತ್ತೆಗೆ ಮಡಿ ಜಾಸ್ತಿ’ ಎಂದು ಸುಮ್ಮನಿರುತ್ತಾರೆ. ಮಡಿ ಮಾಡುವ ಎಲ್ಲರಿಗೂ ಕಾಯಿಲೆ ಎಂದು ನಾನು ಹೇಳುತ್ತಿಲ್ಲ, ಇಲ್ಲಿಂದ ಹೊರಗೆ ಹೋದ ಮೇಲೆ ಹಾಗೆ ಸುದ್ದಿ ಮಾಡಬೇಡಿ. ಮಡಿ ಮಾಡಿ ಮುಗಿದ ಮೇಲೆ ಸಮಾಧಾನ ಆಗುತ್ತದೆ. ಓಸಿಡಿಯಲ್ಲಿ ಆ ಸಮಾಧಾನ ಉಳಿಯುವುದೇ ಇಲ್ಲ. ಮತ್ತೆ ಸಂಶಯ, ಮತ್ತೆ ನೀರು. ಬೇಡ ಎಂದು ತಮಗೇ ಅನ್ನಿಸಿದರೂ ನಿಲ್ಲಿಸಲು ಆಗುವುದಿಲ್ಲ. ಇದಕ್ಕೆ ಔಷಧಿಯೂ ಇದೆ, ಅಭ್ಯಾಸದಿಂದ ಬಿಡಿಸುವ ಚಿಕಿತ್ಸೆಯೂ ಇದೆ.

ಹಾಗಾದರೆ ಫೋನಿನಲ್ಲಿ ಸಿಗುವ ಪ್ರಶ್ನಾವಳಿಗಳೆಲ್ಲ ಸುಳ್ಳೇ? ಅಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನು ನಾವೂ ಬಳಸುತ್ತೇವೆ. ಒಂಬತ್ತು ಪ್ರಶ್ನೆ, ಹಿಂದಿನ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಅಂಕ 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇರುವ ಸಾಧ್ಯತೆ ಇದೆ, ಯಾರಾದರೂ ಕೂತು ಪರೀಕ್ಷಿಸಬೇಕು ಎಂದರ್ಥ. ಅದು ಪರೀಕ್ಷೆಗೆ ಕಳಿಸುವ ಕಾಗದ, ಪರೀಕ್ಷೆಯ ಫಲಿತಾಂಶ ಅಲ್ಲ. ಮೊನ್ನೆ ಮನೆಯಲ್ಲಿ ಸಾವಾಗಿದ್ದರೂ ಅಂಕ ಏರುತ್ತದೆ, ಥೈರಾಯ್ಡ್ ಇದ್ದರೂ ಏರುತ್ತದೆ. ಒಂಬತ್ತನೆಯ ಪ್ರಶ್ನೆ ಮಾತ್ರ ಬೇರೆ. ಸತ್ತರೆ ಒಳ್ಳೆಯದು ಎಂಬ ಯೋಚನೆ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಅದು ಕೇಳುತ್ತದೆ. ಅದಕ್ಕೆ ಹೌದು ಎನ್ನುವವರು ಒಟ್ಟು ಅಂಕ ಎಣಿಸುತ್ತ ಕೂರಬೇಕಾಗಿಲ್ಲ, ಅವತ್ತೇ ಯಾರಿಗಾದರೂ ಹೇಳಬೇಕು. ಕೇಳಿಸಿಕೊಂಡವರು ಅವರನ್ನು ಒಬ್ಬರನ್ನೇ ಬಿಡಬಾರದು. ತೋಟದ ಮನೆಯಾದರೆ ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಅವತ್ತೇ ಬೀಗದೊಳಗೆ ಇಡಿ ಅಥವಾ ಬೇರೆಯವರ ಮನೆಗೆ ಸಾಗಿಸಿ. ಸಾಯುವ ಮಾತು ಎತ್ತಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂಬ ಅಂಜಿಕೆ ಬೇಡ. ಕೇಳಿದರೆ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ.

ಮೆಡಿಕಲ್ ಶಾಪಿನ ಬಗ್ಗೆ ಒಂದು ಮಾತು. ‘ನಿದ್ದೆ ಮಾತ್ರೆ’ ಎಂದು ಹಳೆಯ ಚೀಟಿ ತೋರಿಸಿ ಅಲ್‌ಪ್ರಜೋಲಾಮ್ ತರುವವರು ನಮ್ಮಲ್ಲಿ ಕಡಿಮೆ ಇಲ್ಲ. ವೈದ್ಯರ ಚೀಟಿ ಇಲ್ಲದೆ ಕೊಡಬಾರದೆಂದು ಕಾನೂನು ಇರುವ ಮಾತ್ರೆ ಅದು. ಮೊದಲ ವಾರ ಅಮೃತದ ಹಾಗಿರುತ್ತದೆ, ಆಮೇಲೆ ಅದಿಲ್ಲದೆ ಕಣ್ಣು ಮುಚ್ಚುವುದಿಲ್ಲ, ಬಹಳ ಕಾಲ ತೆಗೆದುಕೊಂಡವರು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಖಿನ್ನತೆಯ ಮಾತ್ರೆಗಳದ್ದು ಉಲ್ಟಾ. ಅವು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಸಿಗುವುದು ಹೊಟ್ಟೆ ತೊಳಸುವುದು ಮಾತ್ರ. ಇದನ್ನು ಮೊದಲೇ ಕೂತು ಹೇಳುವವರಿಲ್ಲದಿದ್ದರೆ ಐದನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿಗೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು.

ದೇವರ ಹತ್ತಿರ ಪ್ರಸಾದ ಕೇಳುವವರಿಗೆ, ನೋಡಿಸುವವರಿಗೆ ನಾನು ಅಡ್ಡ ಬರುವುದಿಲ್ಲ. ಮಾರಿಕಾಂಬೆಗೆ ಹರಕೆ ಹೊತ್ತುಕೊಂಡೇ ಬನ್ನಿ. ಮಾತ್ರೆ ನಿಲ್ಲಿಸು ಎನ್ನುವವರ ಮಾತು ಮಾತ್ರ ಕೇಳಬೇಡಿ.

ಈಗ ನಿಜವಾದ ಪ್ರಶ್ನೆ: ಹೋಗುವುದು ಎಲ್ಲಿಗೆ? ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವಯಸ್ಕರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರು ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92. ಅಂದರೆ ಫೋನು ನೋಡಿ ಇಲ್ಲದ ಕಾಯಿಲೆ ಹಚ್ಚಿಕೊಂಡವರಿಗಿಂತ, ಇರುವ ಕಾಯಿಲೆ ಹೊತ್ತುಕೊಂಡು ಸುಮ್ಮನಿರುವವರ ಚಿಂತೆ ನನಗೆ ದೊಡ್ಡದು. ‘ಗೂಗಲ್ ನೋಡಿ ಬಂದಿದ್ದೀಯಾ’ ಎಂದು ಗದರುವ ನನ್ನ ವೃತ್ತಿಬಾಂಧವರ ಮೇಲೆ ಸಿಟ್ಟು ಬರುವುದೂ ಇದಕ್ಕೇ. ನೋಡಿಯಾದರೂ ಬಂದನಲ್ಲ! ಘಟ್ಟದ ಮೇಲೂ ಕೆಳಗೂ ಹರಡಿದ ಹನ್ನೆರಡು ತಾಲೂಕಿನ ಜಿಲ್ಲೆ ಇದು. ಒಂದು ಒಳ್ಳೆಯ ಆಸ್ಪತ್ರೆ ಬೇಕೆಂದು ನಾವು ಬೀದಿಗಿಳಿದು ಕೂಗಿದವರು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಕುಮಟಾ ಕೂಡ ದೂರ. ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಒಂದು ದಿನದ ಕೂಲಿ, ಬಸ್ ಚಾರ್ಜು ಲೆಕ್ಕ ಹಾಕುವವರಿಗೆ ‘ತಜ್ಞರನ್ನು ಕಾಣಿ’ ಎಂದು ವೇದಿಕೆಯಿಂದ ಹೇಳುವುದು ಸುಲಭ.

ಆದರೂ ದಾರಿಗಳಿವೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆದೀತು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಎಲ್ಲಿಗೂ ಹೋಗಲಾಗದ ರಾತ್ರಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡಿಲ್ಲ, ದಿನದ ಯಾವ ಹೊತ್ತಿಗೂ ಕನ್ನಡದಲ್ಲಿ ಮಾತಾಡಬಹುದು. ಹೋಗಲಿ, ಮೊದಲು ನಿಮ್ಮ ಮಾಮೂಲಿ ಡಾಕ್ಟರಿಗೇ ಹೇಳಿ. ರಕ್ತಪರೀಕ್ಷೆ ಅಲ್ಲೇ ಆಗುತ್ತದೆ, ಚಿಕಿತ್ಸೆ ಶುರುವಾಗುವುದೂ ಉಂಟು. ಯಾರಾದರೂ ನೋಡಿಯಾರು ಎಂಬ ಹೆದರಿಕೆ ನಮ್ಮಂಥ ಸಣ್ಣ ಪೇಟೆಯಲ್ಲಿ ಸುಳ್ಳಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು.

ಬರುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಯಾವಾಗಿನಿಂದ, ನಿದ್ದೆ ಎಷ್ಟು, ಊಟ ಹೇಗೆ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಕುಡಿತ ಇದೆಯೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ವಿಪರೀತ ಉತ್ಸಾಹದ ದಿನಗಳು ಇದ್ದವೇ. ಕೊನೆಗೆ, ನಿಮಗೆ ಏನಿರಬಹುದು ಎಂದು ಅನ್ನಿಸಿದೆಯೋ ಅದನ್ನೂ ಬರೆಯಿರಿ. ನಾಚಿಕೆ ಬೇಡ, ಕೆಲವೊಮ್ಮೆ ಅದೇ ಸರಿಯಿರುತ್ತದೆ. ವೈದ್ಯರೂ ಮೊದಲ ಭೇಟಿಯಲ್ಲೇ ಹೆಸರು ಹೇಳದಿರಬಹುದು, ಆರು ತಿಂಗಳ ಮೇಲೆ ಹೆಸರು ಬದಲಿಸಲೂಬಹುದು. ಎರಡು ನಿಮಿಷದಲ್ಲಿ ಮಾತು ಕತ್ತರಿಸಿ ಚೀಟಿ ಬರೆದು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಅವರು ತಪ್ಪಿದರೆಂದು ಮತ್ತೆ ಫೋನಿಗೋ ಕಷಾಯಕ್ಕೋ ಮರಳಬೇಡಿ.

ಇನ್ನು ಪ್ರಶ್ನೆಗಳು. ಎದ್ದು ನಿಂತು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಹಾಕುವುದು ಬೇಡ. ‘ನನ್ನ ಗೆಳೆಯನೊಬ್ಬನಿಗೆ ಹೀಗಾಗುತ್ತಿದೆ’ ಎಂದು ಬರೆದರೂ ಅಡ್ಡಿಲ್ಲ, ಆ ಗೆಳೆಯ ಯಾರೆಂದು ನಾನು ಕೇಳುವುದಿಲ್ಲ.