ಹಳೇ ಪಿಕಪ್‌ಗೆ ಯಾವ ರೇಡಿಯೇಟರ್?

ಎಲ್ಲರಿಗೂ ನಮಸ್ಕಾರ. ನಾನು ಭಾಷಣಗಾರನಲ್ಲ. ಹದಿನಾಲ್ಕು ವರ್ಷ ಟಾಟಾ 207 ಪಿಕಪ್ ಓಡಿಸಿದೆ, ಆಮೇಲೆ ಗ್ಯಾರೇಜು ಹಾಕಿಕೊಂಡೆ. ಹಳೇ ಗಾಡಿಗೆ ರೇಡಿಯೇಟರ್, ಅಂದರೆ ಎಂಜಿನ್ ನೀರನ್ನು ತಂಪು ಮಾಡುವ ಭಾಗ, ಕೊಳ್ಳುವಾಗ ಏನು ನೋಡಬೇಕು ಅಂತ ಮಾತಾಡಲು ಹೇಳಿದ್ದಾರೆ. ನಾನು ಮಾಡಿಕೊಂಡ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ಮಂಗಳೂರಿನಿಂದ ಹಂಚು ತುಂಬಿಕೊಂಡು ಹಾಸನದ ಕಡೆ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಸೀದಾ ಕೆಂಪಿಗೆ ಹೋಯಿತು. ವಾಪಸ್ ಬಂದವನೇ ಅಂಗಡಿಗೆ ಹೋದೆ. 'ಅಣ್ಣಾ, ನಾಲ್ಕು ಸಾಲಿಂದು ಹಾಕ್ಸು, ಎಂಥಾ ಘಾಟಿ ಆದ್ರೂ ಹೀಟ್ ಆಗಲ್ಲ' ಅಂದ ಅಂಗಡಿಯವ. ಸಾಲು ಅಂದರೆ ನೀರು ಹರಿಯುವ ಕೊಳವೆಗಳ ಸಾಲು, ಒಂದರ ಹಿಂದೆ ಒಂದು. ಹಾಕಿಸಿದೆ. ದಪ್ಪನೆಯ ಹೊಸ ರೇಡಿಯೇಟರ್, ನೋಡಲು ಭಾರೀ ಚೆನ್ನಾಗಿತ್ತು. ಮುಂದಿನ ಲೋಡಿಗೆ ಅದೇ ತಿರುವಿನಲ್ಲಿ ಮತ್ತೆ ಹೀಟ್ ಆಯಿತು. ಹಿಂದಿನ ಸಲಕ್ಕಿಂತ ಬೇಗ!

ಕಾರಣ ಗೊತ್ತಾಗಲು ಒಂದು ವಾರ ಬೇಕಾಯಿತು. ಫ್ಯಾನ್ ಸುತ್ತ ಒಂದು ದುಂಡನೆಯ ಕವಚ ಇರುತ್ತದಲ್ಲ, ಶ್ರೌಡ್ ಅನ್ನುತ್ತೇವೆ. ರೇಡಿಯೇಟರ್ ದಪ್ಪ ಇದ್ದದ್ದರಿಂದ ಅದು ಕೂರಲಿಲ್ಲ. ಫಿಟ್ಟರ್ ಹುಡುಗ ಸುಮ್ನೆ ಬಿಚ್ಚಿ ಮೂಲೆಗೆ ಎಸೆದಿದ್ದ. ಹೈವೇಯಲ್ಲಿ ಎದುರು ಗಾಳಿ ಬಡಿಯುತ್ತದೆ, ಶ್ರೌಡ್ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಪ್ಪತ್ತರ ಸ್ಪೀಡಿಗೆ ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಎಳೆಯುವುದೇ ಗತಿ. ಕವಚ ಇಲ್ಲದ ಫ್ಯಾನ್ ಎಂಜಿನ್ ಹತ್ತಿರದ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತದೆ, ರೇಡಿಯೇಟರ್ ಜಾಲರಿಯ ಮೂಲಕ ಬರುವುದು ಕಡಿಮೆ. ಸಾಲು ಹೆಚ್ಚಾದ ಹಾಗೆ ಗಾಳಿಗೆ ಅಡ್ಡಿಯೂ ಹೆಚ್ಚು. ಮುಂದಿನ ಸಾಲು ದಾಟುವಾಗಲೇ ಗಾಳಿ ಬಿಸಿಯಾಗಿರುತ್ತದೆ, ಹಿಂದಿನ ಸಾಲಿಗೆ ಅದರಿಂದ ಏನು ತಂಪು ಸಿಗುತ್ತದೆ ಹೇಳಿ?

ಅಂಗಡಿಯಲ್ಲಿ 'ಯಾವ ಗಾಡಿ, ಯಾವ ವರ್ಷ' ಅಂತ ಕೇಳುತ್ತಾರೆ. ಹೊಸ ಗಾಡಿಗೆ ಅಷ್ಟು ಸಾಕು. ಹಳೇ ಗಾಡಿಗೆ ಆರ್‌ಸಿಯಲ್ಲಿ ಇರುವುದೇ ಒಂದು, ಬಾನೆಟ್ ಕೆಳಗೆ ಇರುವುದೇ ಒಂದು. ಮೂರು ಮಾಲೀಕರ ಕೈ ದಾಟಿರುತ್ತದೆ. ಒಬ್ಬ ಫ್ಯಾನ್ ಬದಲಿಸಿರುತ್ತಾನೆ, ಇನ್ನೊಬ್ಬ ಬ್ರಾಕೆಟ್ ಕತ್ತರಿಸಿ ಬೆಸುಗೆ ಹಾಕಿಸಿರುತ್ತಾನೆ. ಅದಕ್ಕೇ ಮಾಡೆಲ್ ಹೆಸರು ಹೇಳಿ ತರಬೇಡಿ, ಹಳೇ ರೇಡಿಯೇಟರ್ ಬಿಚ್ಚಿಕೊಂಡೇ ಹೋಗಿ. ಕೋರ್‌ನ, ಅಂದರೆ ಆ ಜಾಲರಿ ಭಾಗದ, ಎತ್ತರ, ಅಗಲ, ದಪ್ಪ ಟೇಪು ಹಿಡಿದು ಅಳೆಯಿರಿ. ಮೇಲಿನ ಹೋಸ್ ಎಡಕ್ಕೋ ಬಲಕ್ಕೋ, ಅದರ ಬಾಯಿ ಎಷ್ಟು ಅಗಲ, ಬೋಲ್ಟಿನ ತೂತು ಎಲ್ಲಿದೆ, ಎಲ್ಲಾ ಹೋಲಿಸಿ. ಹೊಸದು ಫಿಟ್ ಆದ ಮೇಲೆ ಫ್ಯಾನ್‌ಗೂ ಜಾಲರಿಗೂ ನಡುವೆ ಕೈಬೆರಳು ಆಡುವಷ್ಟಾದರೂ ಜಾಗ ಇರಬೇಕು. ಎಂಜಿನ್ ಅಲುಗಾಡುತ್ತದೆ, ರಬ್ಬರ್ ಮೌಂಟಿಂಗ್ ಹಳೆಯದಾಗಿದ್ದರೆ ಇನ್ನೂ ಜಾಸ್ತಿ. ಎಂಜಿನ್ ಆಫ್ ಮಾಡಿ ನೋಡಿ ಮತ್ತೆ!

ತಾಮ್ರವೋ ಅಲ್ಯೂಮಿನಿಯಮ್ಮೋ? ಎಲ್ಲರೂ ಕೇಳುವುದು ಇದೇ. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮುಂದು, ಅನುಮಾನ ಇಲ್ಲ. ಆದರೆ ಹಳೇ ರೇಡಿಯೇಟರ್‌ನಲ್ಲಿ ಹಿತ್ತಾಳೆ ಕೊಳವೆಗೆ ತಾಮ್ರದ ಫಿನ್ನುಗಳನ್ನು, ಅಂದರೆ ಗಾಳಿಗೆ ಶಾಖ ಬಿಡುವ ತೆಳು ಪಟ್ಟಿಗಳನ್ನು, ಸೀಸ, ತವರದ ಬೆಸುಗೆಯಲ್ಲಿ ಅಂಟಿಸಿರುತ್ತಾರೆ. ಆ ಬೆಸುಗೆ ಶಾಖವನ್ನು ತಾಮ್ರದಷ್ಟು ಚೆನ್ನಾಗಿ ಬಿಡುವುದಿಲ್ಲ. ಅಲ್ಯೂಮಿನಿಯಂನಲ್ಲಿ ಕೊಳವೆ ಅಗಲ ಇರುತ್ತದೆ, ತೂಕವೂ ಕಡಿಮೆ. ಹಾಗಾಗಿ ಒಳ್ಳೆಯ ಎರಡು ಸಾಲಿನ ಅಲ್ಯೂಮಿನಿಯಂ ರೇಡಿಯೇಟರ್ ಮೂರು ಸಾಲಿನ ತಾಮ್ರಕ್ಕೆ ಏನೂ ಕಡಿಮೆ ಇಲ್ಲ.

ಇಷ್ಟಾದರೂ ನನ್ನ ಗಾಡಿಗೆ ನಾನು ತಾಮ್ರವನ್ನೇ ಹಾಕಿಸುವುದು. ಯಾಕೆ ಅಂದರೆ ಅದು ದಾರಿಯಲ್ಲಿ ಸೋರಿದರೆ ಸಕಲೇಶಪುರದಲ್ಲೋ ಅರಸೀಕೆರೆಯಲ್ಲೋ ಬೆಸುಗೆ ಹಾಕುವವನು ಸಿಗುತ್ತಾನೆ. ಅಲ್ಯೂಮಿನಿಯಂ ಕೋರ್‌ಗೆ ಮೇಲೂ ಕೆಳಗೂ ಹೆಚ್ಚಾಗಿ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಅದು ಸೀಳಿದರೆ ದಾರಿಬದಿಯಲ್ಲಿ ಯಾರೂ ಮುಟ್ಟುವುದಿಲ್ಲ. ಊರೊಳಗೆ ಹಾಲು, ತರಕಾರಿ ಸಾಗಿಸುವವರು ಅಲ್ಯೂಮಿನಿಯಂ ಧಾರಾಳವಾಗಿ ಹಾಕಿಸಿ. ನಿಮ್ಮ ಹಳೇ ತಾಮ್ರದ್ದರ ಟ್ಯಾಂಕುಗಳು ಗಟ್ಟಿ ಇದ್ದರೆ ಕೋರ್ ಮಾತ್ರ ಹೊಸದು ಹಾಕಿಸಬಹುದು. ಶ್ರೌಡ್, ಬೋಲ್ಟ್ ಎಲ್ಲಾ ಇದ್ದಲ್ಲೇ ಕೂರುತ್ತವೆ. ಬದಲಿಸಲೇಬೇಕಾದರೆ ಹಳೆಯದನ್ನು ಅಂಗಡಿಯಲ್ಲಿ ಸುಮ್ನೆ ಬಿಟ್ಟು ಬರಬೇಡಿ. ತೂಕಕ್ಕೆ ಹಾಕಿಸಿ, ತಾಮ್ರ ಅದು!

ಫಿನ್ನುಗಳು ಒತ್ತೊತ್ತಾಗಿದ್ದರೆ ತಂಪು ಜಾಸ್ತಿ ಅನ್ನುತ್ತಾರೆ. ಡಾಂಬರು ರಸ್ತೆಗೆ ಸರಿ. ಹೊಲದ ದಾರಿ, ಜಲ್ಲಿ ಕ್ವಾರಿ ಕಡೆ ಓಡಾಡುವ ಗಾಡಿಗೆ ಎರಡೇ ತಿಂಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಅಂಥವರು ಸ್ವಲ್ಪ ಬಿಡಿಬಿಡಿಯಾದ ಫಿನ್ನೇ ತೆಗೆದುಕೊಳ್ಳಿ.

ಇಷ್ಟೆಲ್ಲಾ ಹೇಳಿದೆ. ಆದರೆ ಕೆಟ್ಟಿರುವುದು ರೇಡಿಯೇಟರ್ರೇ ಅಂತ ಗೊತ್ತಾ? ಮೊದಲು ಮುಚ್ಚಳ ನೋಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಬಿಗಿಯಾಗಿದ್ದರೆ ಅದೇ ನೀರು ಹೆಚ್ಚುಕಮ್ಮಿ 117 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ಅದರ ರಬ್ಬರ್ ಹೋಗಿದ್ದರೆ ಎಷ್ಟು ಸಾವಿರದ ರೇಡಿಯೇಟರ್ ಹಾಕಿಸಿದರೂ ಕುದಿಯುವುದೇ. ಫ್ಯಾನ್ ಬೆಲ್ಟು, ವಾಟರ್ ಪಂಪು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಥರ್ಮೋಸ್ಟಾಟ್ ಕೂಡ ನೋಡಿಸಿ. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಿನ ಮೇಲೆ ಅನುಮಾನ ಪಡಿ. ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಅನ್ನುವ ಮೆಕ್ಯಾನಿಕ್ಕುಗಳಿದ್ದಾರೆ, ನನ್ನ ಸ್ನೇಹಿತರಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಎಂಜಿನ್ ಬಿಸಿಯಾಗುವುದೇ ತಡ ಆಗಿ ಡೀಸೆಲ್ ಕುಡಿಯುತ್ತದೆ.

ಹೊಸದು ಹಾಕಿಸಿದ ದಿನ ಬೋರ್ ನೀರು ಹುಯ್ಯಲೇಬೇಡಿ. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕೊಳವೆಯೊಳಗೂ ಕಟ್ಟುತ್ತದೆ. ಮಿಕ್ಸ್ ಮಾಡಬೇಕಾದ ಕೂಲಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ ತುಂಬಿ.

ಹೊರಗೆ ಎರಡು 207 ನಿಂತಿರುವುದನ್ನು ಬರುವಾಗಲೇ ನೋಡಿದೆ. ಇಷ್ಟು ಹೊತ್ತಿಗೆ ಎಂಜಿನ್ ತಣ್ಣಗಾಗಿರಬೇಕು, ಅಲ್ವಾ? ಬನ್ನಿ, ಬಾನೆಟ್ ಎತ್ತೋಣ. ಟೇಪು ಯಾರ ಹತ್ತಿರ ಇದೆ?